ಮೂತಿಯ ಕಡೆಯಿಂದ ಮಾಡಿದ ತಪಾಸಣೆ

ಇಂಥ ಬರಹವನ್ನು ಹೇಗೆ ಆರಂಭಿಸಬೇಕೆಂಬುದು ತಿಳಿಯದ ಕಾರಣ, ನನಗೆ ತಿಳಿದಿರುವ ರೀತಿಯಲ್ಲಿಯೇ ಆರಂಭಿಸುತ್ತಿದ್ದೇನೆ. ವಿಷಯ: ಹುಕ್ಕೇರಿ ತಾಲೂಕಿನ ಒಂದು ಕಾಲೇಜಿನ ಮೈದಾನದಲ್ಲಿ ನಮ್ಮ ಮಾದರಿ ಯುದ್ಧವಿಮಾನವು ಬಿದ್ದು ಒಡೆದ ಬಗ್ಗೆ, ಮತ್ತು ಅದಕ್ಕೆ ನಾನು ನೀಡಿದ ಸುಳ್ಳು ಕಾರಣದ ಬಗ್ಗೆ. ನಾನು ಗೋಕಾಕದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದು, ಇದುವರೆಗೆ ಟಿಪ್ಪಣಿ, ಪತ್ರ, ನಡಾವಳಿಗಳ ಹೊರತು ಬೇರೇನನ್ನೂ ಬರೆದವನಲ್ಲ. ವಾಕ್ಯಗಳಲ್ಲಿ ಕಡತದ ವಾಸನೆ ಕಂಡುಬಂದಲ್ಲಿ ಓದುಗರು ಸೈರಿಸಿಕೊಳ್ಳಬೇಕಾಗಿ ಕೋರುತ್ತೇನೆ.

ರೇಡಿಯೋ ಸಂಕೇತದಿಂದ ಹಾರುವ ಮಾದರಿ ವಿಮಾನಗಳನ್ನು ಕಟ್ಟಿ ಹಾರಿಸುವುದು ನನ್ನ ಹವ್ಯಾಸ. ಕಟ್ಟಿ ಎಂದು ಬರೆದೆನು. ಅದನ್ನು ಇಲ್ಲಿಯೇ ತಿದ್ದಿಕೊಳ್ಳುವುದು ಉಚಿತ. ಕಟ್ಟುತ್ತಿದ್ದವರು ಮೂಡಲಗಿಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿಯ ಹಿರಿಯರು. ನಾನು ಅವರನ್ನು ಕಾಕಾ ಎನ್ನುತ್ತೇನೆ, ಅವರು ನನ್ನನ್ನು ಸಾಹೇಬ್ರ ಎನ್ನುತ್ತಾರೆ. ಫೋಮ್ ಹಾಳೆಯನ್ನು ಬಿಸಿ ತಂತಿಯಿಂದ ಕೊಯ್ದು ರೆಕ್ಕೆ ಮಾಡುವುದು, ಬಾಲ್ಸಾ ಎಂಬ ಹಗುರ ಮರದ ಪಟ್ಟಿಗಳನ್ನು ಅಂಟಿಸುವುದು, ತಂತಿಗಳಿಗೆ ಬೆಸುಗೆ ಹಾಕುವುದು ಎಲ್ಲವೂ ಅವರ ಕೆಲಸ. ರಿಮೋಟ್ ಹಿಡಿದು ಹಾರಿಸುವುದು ಮತ್ತು ಪೊಲೀಸ್ ಠಾಣೆ, ಪಂಚಾಯಿತಿ ಮುಂತಾದವುಗಳಿಗೆ ಅನುಮತಿ ಕೋರಿ ಪತ್ರ ಬರೆಯುವುದು ನನ್ನ ಕೆಲಸ. ಹೆಸರು ಮಾತ್ರ ಇಬ್ಬರದೂ ಆಗುತ್ತಿತ್ತು.

ಆ ವರ್ಷ ನಾವು ಹರಿಕೇನ್ ಎಂಬ ಹಳೆಯ ಯುದ್ಧವಿಮಾನವನ್ನು ಕಟ್ಟಿದೆವು. ಅದೇ ಕಾಲದ ಬೇರೆ ಯುದ್ಧವಿಮಾನಗಳು ನೋಡಲು ಇದಕ್ಕಿಂತ ಚೆಲುವಾಗಿದ್ದರೂ ಹರಿಕೇನಿನ ಗಾಲಿಗಳು ಅಗಲವಾಗಿ ನಿಲ್ಲುತ್ತವೆ. ಕುಲಗೋಡದ ಬಳಿಯ ನಮ್ಮ ಹಾರಾಟದ ಸ್ಥಳವು ಕಬ್ಬು ಕಡಿದ ಮೇಲಿನ ಬಯಲಾದ್ದರಿಂದ ಅಗಲ ಗಾಲಿಯ ವಿಮಾನವೇ ಬೇಕೆಂದು ಕಾಕಾ ಹೇಳಿದರು. ರೆಕ್ಕೆಯ ಒಟ್ಟು ಉದ್ದ ಐದು ಅಡಿಗೂ ಹೆಚ್ಚು. ಮೋಟಾರ್‌ಸೈಕಲ್ಲಿನ ಮೇಲೆ ಸಾಗಿಸುವ ಸಲುವಾಗಿ ರೆಕ್ಕೆಯನ್ನು ಎರಡು ತುಂಡು ಮಾಡಿ, ನಡುವೆ ಅಲ್ಯೂಮಿನಿಯಂ ಕೊಳವೆ ತೂರಿಸುವ ಏರ್ಪಾಡನ್ನು ಅವರೇ ಯೋಚಿಸಿದರು. ಮೈಗೆ ಹಸಿರು, ಮಣ್ಣು ಬಣ್ಣಗಳ ಪಟ್ಟೆ ಹಚ್ಚಿ ಒಣಗಿಸಿದಾಗ ಅಂಗಡಿಗೆ ಬಂದ ರೈತರು ತಮ್ಮ ಸುಟ್ಟ ಮೋಟಾರನ್ನು ಮರೆತು ಅದನ್ನೇ ನೋಡುತ್ತ ನಿಲ್ಲುತ್ತಿದ್ದರು.

ಮೊದಲ ಹಾರಾಟಗಳಲ್ಲಿಯೇ ತೊಂದರೆ ಕಾಣಿಸಿತು. ವಿಮಾನವನ್ನು ಎಡಕ್ಕೆ, ಬಲಕ್ಕೆ ವಾಲಿಸಲು ಪ್ರತಿ ರೆಕ್ಕೆಯ ಹಿಂದಂಚಿನಲ್ಲಿ ಬಾಗಿಲಿನಂತೆ ಮೇಲೆ ಕೆಳಗೆ ಆಡುವ ಪಟ್ಟಿಯೊಂದಿರುತ್ತದೆ. ಅದನ್ನು ಆಡಿಸುವುದು ಬೆಂಕಿಪೊಟ್ಟಣದಷ್ಟು ಗಾತ್ರದ ಸರ್ವೋ ಎಂಬ ಯಂತ್ರ. ನಮ್ಮ ಸರ್ವೋಗಳ ಒಳಗಿನ ಪ್ಲಾಸ್ಟಿಕ್ ಹಲ್ಲುಗಳು ವೇಗದ ಗಾಳಿಗೆ ತಾಳದೆ ಸವೆದು, ಪಟ್ಟಿಗಳು ನಡುಗತೊಡಗಿದವು. ಒಮ್ಮೆ ವಿಮಾನವು ಕೈಮೀರಿ ಪಕ್ಕದ ಎತ್ತರದ ಕಬ್ಬಿನೊಳಗೆ ಇಳಿಯಿತು. ವಿಮಾನದಲ್ಲಿದ್ದ ಪುಟ್ಟ ಪೀಪಿಯ ಶಬ್ದವನ್ನು ಹಿಂಬಾಲಿಸಿ ಕಬ್ಬಿನ ಸಾಲುಗಳಲ್ಲಿ ಬಗ್ಗಿ ಹೋಗುತ್ತಿದ್ದಾಗ ಹೊಲದ ಒಡೆಯರು ಎದುರಾದರು.

“ಏನ್ ಹುಡಕಾಕತ್ತೀರ್ರಿ?”

“ವಿಮಾನ ಬಿದ್ದೈತ್ರಿ,” ಎಂದರು ಕಾಕಾ.

“ಒಳಗ ಮಂದಿ ಎಷ್ಟಿದ್ರು?” ಎಂದು ಅವರು ನಗದೆ ಕೇಳಿದರು.

“ಯಾರೂ ಇಲ್ರಿ. ಹಾರಿಸಾವ್ರು ಇಲ್ಲೇ ಅದಾರ, ಕಬ್ಬಿನ ರವದಿ ಗರಿ ತಾಗಿ ಕೈ ಕೊಯ್ಸಿಕೊಂಡು.”

ಲೋಹದ ಹಲ್ಲಿರುವ ಹೊಸ ಸರ್ವೋಗಳನ್ನು ತರಿಸುವುದೆಂದು ಅಂದೇ ತೀರ್ಮಾನವಾಯಿತು.

ಇದೇ ಸಮಯಕ್ಕೆ ಸದರಿ ಕಾಲೇಜಿನ ವಿಭಾಗದ ಮುಖ್ಯಸ್ಥರೊಬ್ಬರು ನಮ್ಮ ಹಾರಾಟದ ವಿಡಿಯೋ ನೋಡಿ ದೂರವಾಣಿ ಮಾಡಿದರು. ವಿದ್ಯಾರ್ಥಿಗಳಿಗಾಗಿ ಮಾದರಿ ವಿಮಾನ ಕಟ್ಟುವ ಕಾರ್ಯಾಗಾರವನ್ನು ತೆರೆಯುವವರಿದ್ದರು. ಉದ್ಘಾಟನೆಯ ದಿನ ಹರಿಕೇನ್ ಹಾರಿಸಬೇಕು. ಸರಿಹೋದರೆ ಕಾರ್ಯಾಗಾರದ ಬೋಧಕರಾಗಿ ಕಾಕಾ ಅವರನ್ನೇ ತೆಗೆದುಕೊಳ್ಳಬೇಕು ಎಂಬುದು ಅವರ ವಿಚಾರ. ಈ ಮಾತನ್ನು ಅಂಗಡಿಯಲ್ಲಿ ತಿಳಿಸಿದಾಗ ಕಾಕಾ ಕೈಯಲ್ಲಿದ್ದ ತಂತಿಯ ಸುರುಳಿಯನ್ನು ಕೆಳಗಿಟ್ಟರು.

“ಏಳನೇ ಇಯತ್ತೆ ತನಕ ಕಲತಾಂವ ನಾ. ಕಾಲೇಜಿನ್ಯಾಗ ಕಲಸೂದು ಅಂದ್ರ ಮಂದಿ ನಗೂದಿಲ್ಲೇನ್ರಿ ಸಾಹೇಬ್ರ?”

“ನಿಮ್ಮ ಕೈ ನೋಡಿ ಕರಿಯಾಕತ್ತಾರ ಕಾಕಾ. ಸರ್ಟಿಫಿಕೇಟ್ ನೋಡಿ ಅಲ್ಲ.”

“ಹಂಗಾದ್ರ ಅರ್ಜಿ ಚೆಂದಾಗಿ ಬರಿರಿ,” ಎಂದು ಹೇಳಿ, ಆ ದಿನವಿಡೀ ಅವರು ಯಾವ ಗಿರಾಕಿಯ ಮೇಲೂ ರೇಗಲಿಲ್ಲ. ಅರ್ಜಿಯನ್ನು ನಾನೇ ಬರೆದೆನು.

ಹೊಸ ಸರ್ವೋಗಳು ಉದ್ಘಾಟನೆಯ ಹಿಂದಿನ ದಿನ ತಲುಪಿದವು. ಕಾಕಾ ಅವುಗಳನ್ನು ರೆಕ್ಕೆಯಲ್ಲಿ ಕೂರಿಸಿ, ತಂತಿಗಳನ್ನು ಉದ್ದ ಮಾಡಿ ಬೆಸುಗೆ ಹಾಕಿದರು. ರಿಮೋಟ್ ಗೋಕಾಕದ ನನ್ನ ಮನೆಯಲ್ಲಿತ್ತು. ಆದ್ದರಿಂದ ಅವರು ಸರ್ವೋ ಪರೀಕ್ಷಿಸುವ ಪುಟ್ಟ ಪೆಟ್ಟಿಗೆಯಿಂದಲೇ ತಿರುಗಿಸಿ ನೋಡಿ, ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿಸಿದರು.

“ಸಾಹೇಬ್ರ, ಹೊಸಾವು ಉಲ್ಟಾ ತಿರಗತಾವ ನೋಡ್ರಿ. ಮನಿಗಿ ಹೋಗಿ ರಿಮೋಟಿನ್ಯಾಗ ಬದಲಿ ಮಾಡ್ರಿ. ಮರತೀರಿ ಮತ್ತ.”

“ಅದು ನನ್ನ ಕೆಲಸ ಕಾಕಾ. ನೀವು ಚಿಂತಿ ಬಿಡ್ರಿ.”

ರಿಮೋಟಿನ ಪರದೆಯ ಮೇಲೆ ಒಂದು ಗುರುತನ್ನು ಬದಲಿಸಿದರೆ ಮುಗಿಯುವ ಕೆಲಸ ಅದು. ಮನೆಗೆ ಬಂದವನು ಠಾಣೆಗೆ ಸಲ್ಲಿಸುವ ಪತ್ರದ ಒಕ್ಕಣೆ ಸರಿಬಾರದೆ, ಅದನ್ನು ಮೂರು ಬಾರಿ ತಿದ್ದಿ ಬರೆಯುತ್ತ ಕುಳಿತೆನು. ಗುರುತು ಬದಲಿಸಲಿಲ್ಲ.

ಇಂಥ ಮರೆವನ್ನು ಹಿಡಿಯುವುದಕ್ಕಾಗಿಯೇ ಹಾರಾಟಕ್ಕೆ ಮೊದಲು ತಪಾಸಣೆ ಇರುತ್ತದೆ. ನಮ್ಮ ಪದ್ಧತಿಯ ಪ್ರಕಾರ ವಿಮಾನದ ಬಾಲದ ಹಿಂದೆ ನಿಂತು ರಿಮೋಟಿನ ಕಡ್ಡಿಯನ್ನು ಬಲಕ್ಕೆ ತಳ್ಳಿದರೆ ಬಲ ರೆಕ್ಕೆಯ ಪಟ್ಟಿ ಮೇಲೇಳಬೇಕು. ಕಾಕಾ ಕುಕ್ಕರುಗಾಲಿನಲ್ಲಿ ಬಾಲದ ಹಿಂದೆ ಕುಳಿತು “ಬಲಕ್ಕ ಬಲ, ಎಡಕ್ಕ ಎಡ” ಎಂದು ಗಟ್ಟಿಯಾಗಿ ಹೇಳಿದ ಮೇಲೆಯೇ ನಾನು ಮೋಟಾರು ಚಾಲೂ ಮಾಡುತ್ತಿದ್ದೆನು. ಬಾಲದ ಹಿಂದೆಯೇ ಏಕೆ ಎಂದರೆ, ಮೂತಿಯ ಕಡೆ ನಿಂತವನಿಗೆ ವಿಮಾನದ ಬಲ ರೆಕ್ಕೆಯು ತನ್ನ ಎಡಕ್ಕೆ ಬರುತ್ತದೆ. ಅಲ್ಲಿಂದ ನೋಡಿದರೆ ಸರಿಯಿದ್ದದ್ದು ತಪ್ಪಾಗಿಯೂ ತಪ್ಪಿದ್ದದ್ದು ಸರಿಯಾಗಿಯೂ ಕಾಣುತ್ತದೆ. ಇದು ನನಗೆ ತಿಳಿಯದ ಸಂಗತಿಯಾಗಿರಲಿಲ್ಲ.

ಉದ್ಘಾಟನೆಯ ಬೆಳಿಗ್ಗೆ ಕಾಲೇಜಿನವರು ಮೈದಾನದ ಅಂಚಿನಲ್ಲಿ ಶಾಮಿಯಾನ ಹಾಕಿಸಿ, ಹರಿಕೇನನ್ನು ಅತಿಥಿಗಳ ಕಡೆ ಮೂತಿ ಮಾಡಿ ನಿಲ್ಲಿಸಿದ್ದರು. ಹೊಸ ಟ್ರ್ಯಾಕ್ಟರಿಗೆ ಮಾಡುವಂತೆ ಅದಕ್ಕೂ ಪೂಜೆ ನಡೆಯಿತು. ಮೂತಿಗೆ ವಿಭೂತಿ, ಕುಂಕುಮ. ರೆಕ್ಕೆಗೆ ಚೆಂಡುಹೂವಿನ ಮಾಲೆ. ಗಾಲಿಯ ಕೆಳಗೆ ಲಿಂಬೆಹಣ್ಣು. ಅತಿಥಿಗಳು ಕಾಯಿ ಒಡೆದು, ಇನ್ನು ಹಾರಿಸಿರಿ ಎಂದರು. ಜನ ಮುಂದೆ ನುಗ್ಗುತ್ತಿದ್ದುದರಿಂದ ಹಗ್ಗ ಹಿಡಿದು ತಡೆಯಲು ಕಾಕಾ ಅವರನ್ನು ನಾನೇ ಕಳುಹಿಸಿದೆನು.

“ತಪಾಸ್ ಮಾಡೂದೈತಲ್ರಿ?” ಎಂದು ಅವರು ಹೋಗುತ್ತ ಕೇಳಿದರು.

“ನಾ ಮಾಡ್ತೇನಿ. ನೀವು ಮಂದಿನ್ನ ನೋಡ್ರಿ.”

ಪೂಜೆಗೊಂಡ ವಿಮಾನವನ್ನು ಹಿರಿಯರಿಗೆ ಬೆನ್ನಾಗುವಂತೆ ತಿರುಗಿಸುವುದು ಮರ್ಯಾದೆಯಲ್ಲವೆಂದು ಭಾವಿಸಿದೆನು. ನಾನು ಬಾಲದ ಹಿಂದೆ ಹೋಗಿ ಬಗ್ಗಿದರೆ ಛಾಯಾಚಿತ್ರಗಾರನಿಗೆ ಅಡ್ಡವಾಗುವೆನೆಂಬ ಚಿಂತೆಯೂ ಇತ್ತು. ಆದ್ದರಿಂದ ಅತಿಥಿಗಳ ಬಾಜೂ ನಿಂತು, ಮೂತಿಯ ಕಡೆಯಿಂದಲೇ ಕಡ್ಡಿಯನ್ನು ಬಲಕ್ಕೆ ತಳ್ಳಿದೆನು. ನನ್ನ ಬಲಗಡೆಯ ಪಟ್ಟಿ ಮೇಲೆದ್ದಿತು. ಸರಿಯಿದೆ ಎಂದುಕೊಂಡೆನು. ಅತಿಥಿಗಳು ಚಪ್ಪಾಳೆ ತಟ್ಟಿದರು.

ಮಾಲೆ ತೆಗೆದು, ಇಬ್ಬರು ವಿದ್ಯಾರ್ಥಿಗಳು ವಿಮಾನವನ್ನು ಮೈದಾನದ ತುದಿಗೆ ಒಯ್ದಿಟ್ಟರು. ಅದು ಓಡಿ ಸಲೀಸಾಗಿ ಮೇಲೆದ್ದಿತು. ಮೂತಿಯಲ್ಲಿ ತಿರುಗುವ ಪಂಖದ ಸೆಳೆತಕ್ಕೆ ಹರಿಕೇನ್ ಮೇಲೇಳುವಾಗ ಯಾವಾಗಲೂ ತುಸು ಎಡಕ್ಕೆ ವಾಲುತ್ತದೆ. ವಾಡಿಕೆಯಂತೆ ಬಲಕ್ಕೆ ಸ್ವಲ್ಪ ಒತ್ತಿದೆನು. ಅದು ಇನ್ನಷ್ಟು ಎಡಕ್ಕೆ ವಾಲಿತು. ಜೋರಾಗಿ ಬಲಕ್ಕೆ ಒತ್ತಿದೆನು. ವಿಮಾನವು ಮಗುಚಿಕೊಂಡು, ಶಾಮಿಯಾನದ ಅಂಚನ್ನು ದಾಟಿ, ಮೈದಾನದ ಆಚೆಯ ಜೋಳದ ಕೂಳೆಯ ಹೊಲದಲ್ಲಿ ಮೂತಿ ಊರಿತು. ಮೂರೂವರೆ ಕಿಲೋ ತೂಕದ ವಸ್ತು ಅಷ್ಟು ವೇಗದಲ್ಲಿ ನೆಲಕ್ಕೆ ಬಡಿದ ಶಬ್ದ ಚಿಕ್ಕದೇನೂ ಆಗಿರಲಿಲ್ಲ.

ಹೊಲದಲ್ಲಿ ಕುರಿಗಳಿದ್ದವು. ನಾನು ಓಡಿ ತಲುಪುವಷ್ಟರಲ್ಲಿ ಕುರಿ ಕಾಯುತ್ತಿದ್ದ ಹಿರಿಯ ಹೆಣ್ಣುಮಗಳು ವಿಮಾನದ ಬಲ ರೆಕ್ಕೆಯನ್ನು ಕೋಲಿನಿಂದ ಒತ್ತಿ ಹಿಡಿದು ನಿಂತಿದ್ದರು, ಅದು ಮತ್ತೆ ಹಾರೀತೆಂಬಂತೆ.

“ಯಾರದ್ರಿ ಇದು?”

“ನಂದ್ರಿ ಯವ್ವಾ.”

“ನಾಕ ಮಾರು ಈ ಕಡಿ ಬಿದ್ದಿದ್ರ ನನ್ನ ತಲಿ ಮ್ಯಾಲ ಬೀಳತಿತ್ತು. ಗಿಡಗ ಬಂತಂತ ಕುರಿ ದಿಕ್ಕಾಪಾಲ ಓಡ್ಯಾವು. ಗಬ್ಬಾದ ಕುರಿ ಅದಾವು ಅದರಾಗ. ಇಷ್ಟ್ ದೊಡ್ಡಾವ್ರಾಗಿ ಹಿಡತ ಇಲ್ಲದ್ದನ್ನ ಯಾಕ ಹಾರಿಸ್ತೀರಿ?”

ಕುರಿಗಳಿಗೆ ಏನೂ ಆಗಿರಲಿಲ್ಲವೆಂಬುದು ಅನಂತರ ಖಚಿತವಾಯಿತು. ಕೈಯಲ್ಲಿದ್ದ ರಿಮೋಟಿನ ಕಡ್ಡಿಯನ್ನು ಅರಿವಿಲ್ಲದೆ ಬಲಕ್ಕೆ ತಳ್ಳಿದೆನು. ಮುರಿದು ಬಿದ್ದಿದ್ದರೂ ತಂತಿ ಕಡಿಯದಿದ್ದ ಆ ಬಲ ರೆಕ್ಕೆಯ ಪಟ್ಟಿ ಕೆಳಕ್ಕೆ ಬಾಗಿತು. ಮೇಲೇಳಬೇಕಾದದ್ದು ಕೆಳಕ್ಕೆ. ಆ ಕ್ಷಣದಲ್ಲಿಯೇ ನನಗೆ ಎಲ್ಲವೂ ಅರ್ಥವಾಯಿತು. ನಾನು ರಿಮೋಟನ್ನು ಆರಿಸಿಬಿಟ್ಟೆನು. ಇದನ್ನು ಕಂಡವರು ಆ ಹೆಣ್ಣುಮಗಳು ಒಬ್ಬರೇ. ಅವರಿಗೆ ಅದರ ಅರ್ಥ ತಿಳಿಯುವಂತಿರಲಿಲ್ಲ.

ಕಾಕಾ ಮತ್ತು ಮುಖ್ಯಸ್ಥರು ಬಂದರು. ವಿಮಾನ ತನ್ನ ತಲೆಯ ಮೇಲೆ ಬೀಳುತ್ತಿತ್ತೆಂಬುದನ್ನು ಆ ಹೆಣ್ಣುಮಗಳು ಅವರಿಗೂ ಹೇಳಿ ಕುರಿಗಳ ಕಡೆ ಹೋದರು. ಕಾಕಾ ಮೊದಲು ಉಬ್ಬತೊಡಗಿದ್ದ ಬ್ಯಾಟರಿಯನ್ನು ಬಿಡಿಸಿ, ದೂರ ಒಯ್ದು ಮಣ್ಣಿನಲ್ಲಿ ಹೂತರು. ಅದು ಹೊತ್ತಿಕೊಳ್ಳುವ ಸಂಭವವಿರುತ್ತದೆ. ಮುಖ್ಯಸ್ಥರು ನನ್ನನ್ನು ಕೇಳಿದರು: “ಏನಾತ್ರಿ?”

ಎಡ ರೆಕ್ಕೆಯಿಂದ ಕಿತ್ತುಬಂದ ತಂತಿಯೊಂದು ಹೊರಗೆ ಜೋತಾಡುತ್ತಿತ್ತು. ನನ್ನ ಬಾಯಿಂದ ಈ ಮಾತು ಹೊರಟಿತು: “ಸೋಲ್ಡರ್ ಬಿಟ್ಟಂಗ ಕಾಣತೈತ್ರಿ.”

ಹಿಂದಿರುಗಿದ ಕಾಕಾ ಇದನ್ನು ಕೇಳಿದರು. ತಂತಿಯನ್ನು ಕೈಗೆತ್ತಿಕೊಂಡರು, ಅದನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. ಅನಂತರ ಮುಖ್ಯಸ್ಥರಿಗೆ ಹೇಳಿದರು: “ಹಂಗಾದ್ರ ನಂದ ತಪ್ಪು ಇರಬೇಕ್ರಿ. ಸೋಲ್ಡರ್ ಹಾಕಿದಾಂವ ನಾನ.”

ಮುಖ್ಯಸ್ಥರು ಒಂದು ವರದಿ ಕೇಳಿದರು. ಬೋಧಕರ ವಿಚಾರವನ್ನು ವರದಿ ನೋಡಿದ ಮೇಲೆ ನಿರ್ಧರಿಸುವುದಾಗಿ ಹೇಳಿದರು. ನಾನು ಮನೆಗೆ ಬಂದು ಮಾಡಿದ ಮೊದಲ ಕೆಲಸವೆಂದರೆ ರಿಮೋಟಿನಲ್ಲಿ ಆ ಗುರುತನ್ನು ಬದಲಿಸಿದ್ದು. ಹಾರಾಟಕ್ಕೆ ಮೊದಲು ಮಾಡಬೇಕಾಗಿದ್ದುದನ್ನು, ಯಾರಾದರೂ ತೆರೆದು ನೋಡಿಯಾರೆಂಬ ಭಯದಿಂದ, ಅಪಘಾತದ ಅನಂತರ ಮಾಡಿದೆನು. ಬಳಿಕ ವರದಿಯಲ್ಲಿ ಹೀಗೆ ಬರೆದೆನು: ‘ರೆಕ್ಕೆಯೊಳಗಿನ ತಂತಿಯ ಬೆಸುಗೆಯು ಹಾರಾಟದ ವೇಳೆ ಬಿಟ್ಟುಹೋಗಿ, ವಿಮಾನವು ನಿಯಂತ್ರಣ ತಪ್ಪಿರುವುದು ಕಂಡುಬಂದಿರುತ್ತದೆ.’ ಇಷ್ಟು ವರ್ಷ ನಾನು ಕಲಿತ ಬರವಣಿಗೆ ಆ ದಿನ ನನಗೆ ಬಹಳ ಅನುಕೂಲವಾಗಿ ಒದಗಿತು. ಯಾರ ಹೆಸರನ್ನೂ ಬರೆಯಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಅನಂತರದ ವಾರಗಳಲ್ಲಿ ನಾವು ಹರಿಕೇನಿನ ದುರಸ್ತಿ ಆರಂಭಿಸಿದೆವು. ರಜೆಯ ದಿನಗಳಲ್ಲಿ ಮೂಡಲಗಿಗೆ ಹೋಗುತ್ತಿದ್ದೆನು. ಕಾಕಾ ಒಂದೇ ಬೆಸುಗೆಯನ್ನು ಹಾಕಿ, ಬಿಚ್ಚಿ, ಮತ್ತೆ ಹಾಕುತ್ತಿದ್ದರು. ಮೊದಲು ಕಣ್ಣಳತೆಯಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಈಗ ಭೂತಗನ್ನಡಿ ಬಂದಿತ್ತು.

“ಎಳದ ನೋಡ್ರಿ ಸಾಹೇಬ್ರ.”

“ಗಟ್ಟಿ ಐತಿ ಕಾಕಾ.”

“ಇನ್ನೊಮ್ಮಿ ಎಳೀರಿ. ನನಗ ಖಾತ್ರಿ ಆಗವಲ್ದು.”

ಒಂದು ದಿನ ಅರಭಾವಿಯ ರೈತರೊಬ್ಬರು ಕೊಳವೆಬಾವಿಯ ಮೋಟಾರು ತಂದಿದ್ದರು. ನೀರಿನಡಿ ಮುಳುಗಿ ಕೆಲಸ ಮಾಡುವ ಮೋಟಾರಿಗೆ ತಂತಿ ಸುತ್ತುವುದರಲ್ಲಿ ಆ ಭಾಗದಲ್ಲಿ ಕಾಕಾ ಹೆಸರಾದವರು. ಅವರು ಮೋಟಾರನ್ನು ಮುಟ್ಟದೆ, “ಬ್ಯಾರೆ ಕಡೆ ತೋರಸ್ರಿ,” ಎಂದರು.

“ಯಾಕ್ರಿ ಕಾಕಾ? ನಮ್ಮಪ್ಪನ ಕಾಲದಿಂದ ಇಲ್ಲೇ ತರತೇವಿ.”

“ಕೈ ಮೊದಲಿನಂಗ ಉಳದಿಲ್ಲಪಾ.”

ರೈತರು ಮೋಟಾರನ್ನು ಮತ್ತೆ ಗಾಡಿಗೆ ಹೇರಿಕೊಂಡು ಹೋದರು. ನಾನು ಫೋಮ್ ತುಂಡಿಗೆ ಮರಳು ಕಾಗದ ಉಜ್ಜುತ್ತ ಕುಳಿತಿದ್ದೆನು. ಹೇಳಬಹುದಾಗಿತ್ತು. ಹೇಳಲಿಲ್ಲ.

ಮರುವಾರ ಹೋದಾಗ ಅವರು ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ನನ್ನ ಮುಂದಿಟ್ಟರು.

“ಕಾಲೇಜಿಗಿ ಒಂದ್ ಪತ್ರ ಬರಿರಿ. ಆ ಅರ್ಜಿ ವಾಪಸ್ ತಗೋತೇನಿ ಅಂತ.”

“ಅವರಿನ್ನೂ ಏನೂ ಹೇಳಿಲ್ಲ, ಕಾಕಾ.”

“ಅವರ ಹೇಳೂತನಕ ಯಾಕ ಕಾಯೂದು? ಆ ಕುರಿ ಕಾಯಾಕಿ ಅಂದದ್ದು ನನಗ ನಿದ್ದಿ ಕೊಡವಲ್ದು. ನನ್ನ ಕೈಗೆಲಸದಿಂದ ಒಂದ್ ಜೀವ ಹೋಗತಿತ್ತು. ಅಂಥಾಂವ ಹುಡುಗುರಿಗಿ ಏನ್ ಕಲಸ್ಯಾನು? ನನ್ನ ಕೈ ಮ್ಯಾಲ ನನಗ ನಂಬಿಕಿ ಉಳದಿಲ್ಲ, ಅಂತ ಬರಿರಿ. ನಿಮ್ಮ ಭಾಷಾದಾಗ ಚೆಂದ ಮಾಡಿ ಬರಿರಿ.”

ನಾನು ಬರೆಯತೊಡಗಿದೆನು. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಬರೆಯತೊಡಗಿದ್ದು ನಿಜ. ‘ಮಾನ್ಯರೇ’ ಎಂದಾಯಿತು. ‘ನಾನು ಈ ಮೊದಲು ಸಲ್ಲಿಸಿದ ಅರ್ಜಿಯನ್ನು’ ಎಂಬಲ್ಲಿಯವರೆಗೆ ಬಂದೆನು. ಮುಂದಿನ ಪದಗಳೂ ಮನಸ್ಸಿನಲ್ಲಿ ಸಿದ್ಧವಾಗಿದ್ದವು; ಇಂಥ ನೂರಾರು ಪತ್ರಗಳನ್ನು ಬರೆದಿದ್ದೇನೆ. ಕಾಕಾ ಎದುರು ಕುಳಿತು ಸಹಿ ಮಾಡುವುದಕ್ಕಾಗಿ ಕೈಯ ವಾರ್ನಿಶ್ ಕಲೆಯನ್ನು ಸೀಮೆಎಣ್ಣೆ ಅರಿವೆಯಿಂದ ಒರೆಸಿಕೊಳ್ಳುತ್ತಿದ್ದರು. ಒಂದೊಂದು ಬೆರಳನ್ನೂ ಬಿಡಿಸಿ ಒರೆಸುತ್ತಿದ್ದರು. ನಾನು ಪೆನ್ನು ಕೆಳಗಿಟ್ಟೆನು.

“ಕಾಕಾ, ಸೋಲ್ಡರ್ ಬಿಟ್ಟಿರಲಿಲ್ಲ. ನಾ ರಿಮೋಟಿನ್ಯಾಗ ಬದಲಿ ಮಾಡಿರಲಿಲ್ಲ.”

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. “ತಪಾಸ್ ಮಾಡಿದ್ರಲ್ಲಾ?”

“ಮೂತಿ ಕಡೆ ನಿಂತು ಮಾಡಿದೆ.”

“ಮೂತಿ ಕಡೆ.” ಅರಿವೆಯನ್ನು ಕೆಳಗಿಟ್ಟು, “ಯಾವಾಗ ಗೊತ್ತಾತು ನಿಮಗ?” ಎಂದು ಕೇಳಿದರು.

“ಆವತ್ತ. ಹೊಲದಾಗ.”

ಅವರು ಎದ್ದು ಹೋಗಿ ಕಪಾಟಿನಿಂದ ಒಂದು ತಗಡಿನ ಡಬ್ಬಿ ತಂದರು. ಅದರೊಳಗೆ ಅಂದಿನ ಕಿತ್ತ ತಂತಿಯಿತ್ತು. ಭೂತಗನ್ನಡಿಯನ್ನು ಅದರ ಮೇಲೆ ಹಿಡಿದು ನೋಡಿದರು, ನನಗೂ ತೋರಿಸಿದರು. ಬೆಸುಗೆಯ ಗುಂಡು ಇಡಿಯಾಗಿ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ತಾಮ್ರದ ಎಳೆಗಳು ಜಗ್ಗಿ ಹರಿದಿದ್ದವು. ನೆಲಕ್ಕೆ ಬಡಿದಾಗ ಹರಿದ ತಂತಿ ಅದು. ಬೆಸುಗೆ ಹಿಡಿದಲ್ಲಿಯೇ ಹಿಡಿದುಕೊಂಡಿತ್ತು.

“ಇದನ್ನ ಡಬ್ಬಿಯೊಳಗ ಇಟ್ಕೊಂಡಿದ್ದೆ, ಒಮ್ಮಿನೂ ನೋಡಿರಲಿಲ್ಲ,” ಎಂದರು. “ಯಾಕ ನೋಡೂದು, ಸಾಹೇಬ್ರ ಹೇಳ್ಯಾರಲ್ಲ ಅಂತ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನು. ಅವರು ಬೈಯಲಿಲ್ಲ. ಹೊಸ ಹಾಳೆಯನ್ನು ಮುಂದಿಟ್ಟು, “ಈಗ ಬರಿರಿ,” ಎಂದರು. “ಈ ಸಲ ಯಾರು ಏನ್ ಮಾಡಿದ್ರು ಅನ್ನೂದು ಇರಲಿ ಅದರಾಗ.”

ಮರುದಿನ ನಾನು ಅರ್ಧ ದಿನದ ರಜೆ ಹಾಕಿ, ಅವರೊಡನೆ ಬಸ್ಸಿನಲ್ಲಿ ಕಾಲೇಜಿಗೆ ಹೋದೆನು. ದಾರಿಯುದ್ದಕ್ಕೂ ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಮುಖ್ಯಸ್ಥರು ನನ್ನ ಪತ್ರವನ್ನು ಎರಡು ಬಾರಿ ಓದಿದರು. ಕಾಕಾ ತಗಡಿನ ಡಬ್ಬಿಯನ್ನು ಮೇಜಿನ ಮೇಲೆ ತೆರೆದಿಟ್ಟರು.

“ಮೊದಲನೇ ವರದಿನೂ ನಿಮ್ಮ ಸಹಿದ ಐತಲ್ರಿ?” ಎಂದು ಮುಖ್ಯಸ್ಥರು ನನ್ನನ್ನು ಕೇಳಿದರು.

“ಹೌದ್ರಿ.”

“ಎರಡೂ ಫೈಲಿನ್ಯಾಗ ಇರತಾವ. ತಗಿಯಾಕ ಬರೂದಿಲ್ಲ.”

“ಇರ್ಲಿ ಸರ್.”

ಅವರು ನನ್ನ ಕಡೆ ಮತ್ತೆ ನೋಡಲಿಲ್ಲ. ಕುರ್ಚಿಯನ್ನು ಕಾಕಾ ಅವರ ಕಡೆ ತಿರುಗಿಸಿಕೊಂಡು ಕೇಳಿದರು: “ಬೋಧಕರ ಜಾಗಾ ಇನ್ನೂ ಖಾಲಿ ಐತಿ. ನೀವು ಬರ್ತೀರೇನ್ರಿ?”

ಕಾಕಾ ಬಹಳ ಹೊತ್ತು ತಮ್ಮ ಕೈಗಳನ್ನು ನೋಡಿಕೊಂಡರು. “ಬರ್ತೇನ್ರಿ,” ಎಂದರು. “ಆದ್ರ ಒಂದ್ ಮಾತೈತ್ರಿ. ನಾ ಕಟ್ಟಿದ್ದನ್ನ ಹಾರಿಸಾವ್ರು ಬ್ಯಾರೆ ಯಾರಾರ ಇರಬೇಕು.”

ಮುಖ್ಯಸ್ಥರಿಗೆ ಮುಜುಗರವಾಯಿತು. ನಾನು ಅಲ್ಲಿಯೇ ಕುಳಿತಿದ್ದೆನಲ್ಲ. ಕೊನೆಗೆ, ಷರತ್ತು ಇದ್ದರೆ ಅದನ್ನು ಲಿಖಿತದಲ್ಲಿ ಕೊಡಬೇಕಾಗುತ್ತದೆ ಎಂದರು.

“ನನಗ ಅಂಥಾ ಭಾಷಾ ಬರಿಯಾಕ ಬರೂದಿಲ್ರಿ,” ಎಂದರು ಕಾಕಾ. ಅನಂತರ, ಬೆಳಗಿನಿಂದ ಮೊದಲ ಬಾರಿಗೆ, ನನ್ನ ಕಡೆ ತಿರುಗಿದರು. “ಸಾಹೇಬ್ರ ಬರದ ಕೊಡತಾರ.”

ನಾನು ಬರೆದೆನು. ‘ಕಾರ್ಯಾಗಾರದಲ್ಲಿ ನಾನು ತಯಾರಿಸುವ ಯಾವುದೇ ವಿಮಾನವನ್ನು’ ಎಂದು ಆರಂಭಿಸಿ, ಯಾರು ಹಾರಿಸತಕ್ಕದ್ದಲ್ಲ ಎಂಬಲ್ಲಿ ನನ್ನ ಪೂರ್ಣ ಹೆಸರು, ಹುದ್ದೆ ಮತ್ತು ಕಚೇರಿಯನ್ನು ನಮೂದಿಸಿದೆನು. ಅವರು ಓದಿ ಹೇಳಲು ಕೇಳಿದರು. ಓದಿ ಹೇಳಿದೆನು. ಹೆಸರು ಬಂದಲ್ಲಿ ನನ್ನ ದನಿ ತಗ್ಗಿತ್ತೆಂದು ತೋರುತ್ತದೆ. ಕಾಕಾ ಆ ಸಾಲನ್ನು ಇನ್ನೊಮ್ಮೆ ಓದಿರೆಂದರು. ಇನ್ನೊಮ್ಮೆ ಓದಿದೆನು. ಸರಿಯಿದೆ ಎಂದು ತಲೆಯಾಡಿಸಿ, ಪೆನ್ನು ತೆಗೆದುಕೊಂಡು ಸಹಿ ಮಾಡಿದರು.